ಆಟಿಕೆಯ ಇಟ್ಟಿಗೆ, ಲೇಸರ್ ಕಿರಣ ಮತ್ತು ನಮ್ಮ ಉಸಿರು



ಕಳೆದ ಚಳಿಗಾಲದಲ್ಲಿ ಇಪ್ಪತ್ತೇಳು ವರ್ಷದ ಯುವಕನೊಬ್ಬನನ್ನು ಆತನ ತಾಯಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಒಣ ಕೆಮ್ಮು, ಕಣ್ಣುರಿ, ಸಂಜೆಯಾಗುತ್ತಲೇ ಹಣೆಯನ್ನು ಹಿಂಡುವ ತಲೆನೋವು. ನಾಡಿ ನೋಡಿದೆ, ನಾಲಿಗೆ ನೋಡಿದೆ, ಎದೆಯ ಸದ್ದನ್ನು ಆಲಿಸಿದೆ. ಮಂಜಿನ ಕಾಲ, ವಾತಜ ಕಾಸವೆಂದು ಬಗೆದು ಔಷಧಿ ಕೊಟ್ಟು ಕಳುಹಿಸಿದೆ. ಹತ್ತು ದಿನಗಳ ತರುವಾಯ ಮತ್ತೆ ಬಂದ, ಗುಣ ಕಂಡಿರಲಿಲ್ಲ. ಔಷಧಿಯನ್ನು ಬದಲಿಸಿದೆ. ಮೂರನೆಯ ಬಾರಿ ಬಂದಾಗ ಆ ತಾಯಿಯೇ ಒಂದು ಮಾತು ಹೇಳಿದರು: "ಭಾನುವಾರ ಅಂಗಡಿ ಬಂದ್ ಇರತೈತ್ರಿ, ಅವತ್ತೊಂದು ದಿನ ಹುಡುಗ ಆರಾಮ ಇರ್ತಾನ್ರಿ." ಮೂರೂವರೆ ದಶಕಗಳ ಕಾಲ ವೈದ್ಯವೃತ್ತಿ ನಡೆಸಿದ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿರಲಿಲ್ಲ. ನೀನು ಮಾಡುವ ಕೆಲಸವೇನು, ದಿನವಿಡೀ ಎಂಥ ಗಾಳಿಯಲ್ಲಿ ಕುಳಿತಿರುತ್ತೀ ಎಂಬುದೇ ಆ ಪ್ರಶ್ನೆ.

ಆತನದು ಲೇಸರ್ ಕೆತ್ತನೆಯ ಅಂಗಡಿ. ಮನೆಯ ನಾಮಫಲಕ, ಕ್ರೀಡಾಕೂಟದ ಫಲಕ, ಮದುವೆಯ ಹೆಸರುಗಳು, ಇವೇ ಅವನ ಕಸುಬು. ಎರಡು ತಿಂಗಳ ಹಿಂದೆ ಶಿಕ್ಷಕಿಯೊಬ್ಬರು ಮಕ್ಕಳು ಒಂದರ ಮೇಲೊಂದು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಚೀಲದ ತುಂಬ ತಂದು, ಅವುಗಳ ಮೇಲೆ ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಕೆತ್ತಿಕೊಡಲು ಕೇಳಿದ್ದರಂತೆ. ಬಹಳ ಚೆಂದದ ಆಲೋಚನೆ. ಅದನ್ನು ಕಂಡ ಇನ್ನಿತರ ಶಾಲೆಯವರು ತಮ್ಮ ಮಾದರಿಗಳಿಗಾಗಿ ಇಟ್ಟಿಗೆಗಳನ್ನು ಅರ್ಧಕ್ಕೆ, ಓರೆಯಾಗಿ, ಕಮಾನಿನಂತೆ ಕತ್ತರಿಸಿ ಕೊಡಲು ಕೇಳತೊಡಗಿದರು. ಅಲ್ಲಿಂದ ಈ ಹುಡುಗನ ಕೆಮ್ಮು ಪ್ರಾರಂಭವಾಯಿತು. ನಮ್ಮ ಭಕ್ತರ ಮನೆಗಳಲ್ಲಿ ಇಂದು ಇಂಥ ಯಂತ್ರಗಳನ್ನು ಕೊಂಡು ಸ್ವಂತ ಉದ್ಯೋಗ ಆರಂಭಿಸಿದ ಮಕ್ಕಳು ಅನೇಕರಿದ್ದಾರೆ. ಕೆಲವರು ಮಲಗುವ ಕೋಣೆಯಲ್ಲಿಯೇ ಯಂತ್ರವನ್ನಿರಿಸಿದ್ದಾರೆಂದು ಕೇಳಿದ್ದೇನೆ. ಆದುದರಿಂದ ಈ ತಿಂಗಳು ಎಂದಿನಂತೆ ಪಥ್ಯಾಪಥ್ಯದ ವಿಷಯವನ್ನು ಬರೆಯದೆ ಇದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಆ ಇಟ್ಟಿಗೆಯನ್ನು ಅರಿಯೋಣ. ಡೆನ್ಮಾರ್ಕ್ ದೇಶದ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. ಅವರ ಸಂಸ್ಥೆಯೇ ಇಂದಿನ ಲೆಗೊ. ಮೇಲೆ ಗುಂಡಿ, ಒಳಗೆ ಕೊಳವೆ ಇರುವ ಈಗಿನ ರೂಪದ ಇಟ್ಟಿಗೆಗೆ 1958ರ ಜನವರಿ 28ರಂದು ಸ್ವಾಮ್ಯಪತ್ರಕ್ಕೆ ಅರ್ಜಿ ಸಲ್ಲಿಸಲಾಯಿತು. ಮೊದಲಿಗೆ ಬಳಸುತ್ತಿದ್ದುದು ಸೆಲ್ಯುಲೋಸ್ ಅಸಿಟೇಟ್. ಅದು ಕಾಲಕ್ರಮದಲ್ಲಿ ಬಾಗಿ ಬಣ್ಣಗೆಡುತ್ತಿದ್ದುದರಿಂದ 1963ರಿಂದ ಎ.ಬಿ.ಎಸ್. ಎಂಬ ಗಟ್ಟಿ ಪ್ಲಾಸ್ಟಿಕ್ ಬಳಕೆಗೆ ಬಂದಿತು. ಆ ಮೂರು ಅಕ್ಷರಗಳಲ್ಲಿ ಮೂರು ರಾಸಾಯನಿಕಗಳ ಹೆಸರುಗಳು ಅಡಗಿವೆ: ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್ ಮತ್ತು ಸ್ಟೈರೀನ್. ಇವು ಒಂದರೊಡನೊಂದು ಬಿಗಿಯಾಗಿ ಹೆಣೆದುಕೊಂಡಿರುವವರೆಗೆ ಮಗು ಆ ಇಟ್ಟಿಗೆಯನ್ನು ಹಿಡಿದು ಆಡುವುದರಿಂದ ಭಯವಿಲ್ಲ. ಲೇಸರ್ ಮಾಡುವ ಕೆಲಸವೆಂದರೆ ಆ ಹೆಣಿಗೆಯನ್ನು ಕ್ಷಣಮಾತ್ರದಲ್ಲಿ ಬಿಚ್ಚುವುದು. ಬಿಚ್ಚಿದ ಮೇಲೆ ಉಳಿಯುವುದು ಹೊಗೆ.

ಆ ಹೊಗೆಯಲ್ಲಿ ಸ್ಟೈರೀನ್ ಇದೆ. ಕಣ್ಣು ಮೂಗು ಉರಿಸಿ ತಲೆಯನ್ನು ಮಂಕುಗೊಳಿಸುತ್ತದೆ. ಬ್ಯುಟಡೈಯೀನ್ ಇದೆ, ಅದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾನವರಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. 2024ರಲ್ಲಿ ಅಕ್ರಿಲೋನೈಟ್ರೈಲನ್ನೂ ಅದೇ ಗುಂಪಿಗೆ ಏರಿಸಲಾಗಿದೆ. ಅರೆಬೆಂದ ಪದಾರ್ಥದಿಂದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಹೈಡ್ರೋಜನ್ ಸಯನೈಡ್. ಅಕ್ರಿಲೋನೈಟ್ರೈಲಿನಲ್ಲಿ ಸಾರಜನಕವಿರುವುದರಿಂದ ಅದು ಸುಟ್ಟಾಗ ಈ ವಿಷಾನಿಲವೂ ಹೊರಬೀಳುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದರ 50 ಪಾಲು ಬೆರೆತರೆ ಅದನ್ನು ತತ್‌ಕ್ಷಣ ಪ್ರಾಣಾಪಾಯದ ಮಟ್ಟವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಪರಿಗಣಿಸುತ್ತದೆ. ಕಹಿ ಬಾದಾಮಿಯ ವಾಸನೆಯೆಂದು ಗ್ರಂಥಗಳು ಹೇಳುತ್ತವೆ. ಆದರೆ ಆ ವಾಸನೆಯನ್ನು ಗ್ರಹಿಸುವ ಶಕ್ತಿಯೇ ಹುಟ್ಟಿನಿಂದ ಇಲ್ಲದವರು ಅನೇಕರಿದ್ದಾರೆ. ಆದುದರಿಂದ "ವಾಸನೆ ಬರಲಿಲ್ಲ, ಹೊಗೆ ಇಲ್ಲ" ಎಂಬ ಮಾತು ಇಲ್ಲಿ ನಡೆಯದು. ಒಂದೆರಡು ಇಟ್ಟಿಗೆ ಕತ್ತರಿಸಿದ ಮಾತ್ರಕ್ಕೆ ಯಾರೂ ಕುಸಿದು ಬೀಳುವುದಿಲ್ಲ. ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಆರೆಂಟು ತಾಸು, ವಾರಕ್ಕೆ ಆರು ದಿನ ಎಂದಾಗ ಲೆಕ್ಕವೇ ಬೇರೆಯಾಗುತ್ತದೆ.

ಇನ್ನೊಂದು ತೊಡಕು ಇಟ್ಟಿಗೆಯ ಆಕಾರದಲ್ಲಿಯೇ ಇದೆ. ಅಕ್ರಿಲಿಕ್ ಹಾಳೆ ಚಪ್ಪಟೆ. ಕಿರಣವು ಅದನ್ನು ಆವಿಯಾಗಿಸಿ ನಯವಾದ ಅಂಚನ್ನು ಬಿಡುತ್ತದೆ. ಎ.ಬಿ.ಎಸ್. ಹಾಗಲ್ಲ, ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಿ, ಕರಗಿ, ಅಂಟಂಟಾಗಿ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲದೆ ಇಟ್ಟಿಗೆ ಟೊಳ್ಳು, ಎತ್ತರ 9.6 ಮಿಲಿಮೀಟರ್. ಮೇಲ್ಮೈಗೆ ಕಿರಣವನ್ನು ಚೂಪಾಗಿಸಿದರೆ ಕೆಳಗೆ ತಲುಪುವ ಹೊತ್ತಿಗೆ ಅದು ಹರಡಿ ಮೊಂಡಾಗಿರುತ್ತದೆ. ಆಗ ಕೆಲಸಗಾರ ವೇಗವನ್ನು ಕಡಿಮೆ ಮಾಡಿ ಶಕ್ತಿಯನ್ನು ಹೆಚ್ಚಿಸುತ್ತಾನೆ. ಕತ್ತರಿಸುವ ಬದಲು ಬೇಯಿಸತೊಡಗುತ್ತಾನೆ. ಹೊಗೆಯೂ ಜ್ವಾಲೆಯೂ ಟೊಳ್ಳಿನೊಳಗೆ ಸೇರುತ್ತವೆ, ಗಾಳಿ ಊದುವ ನಳಿಕೆಯ ಗಾಳಿ ಅಲ್ಲಿಗೆ ಮುಟ್ಟುವುದಿಲ್ಲ. ಎ.ಬಿ.ಎಸ್. ಒಮ್ಮೆ ಹೊತ್ತಿತೆಂದರೆ ತಾನಾಗಿ ಆರುವುದಿಲ್ಲ. ಕಪ್ಪು ಮಸಿ ಕಾರುತ್ತ ಉರಿಯುವ ಹನಿಗಳಾಗಿ ತೊಟ್ಟಿಕ್ಕುತ್ತದೆ. ಯಂತ್ರದ ತಳದ ಜಾಲರಿಯಲ್ಲಿ ಹಿಂದಿನ ಕೆಲಸದ ಚೂರುಗಳು ಬಿದ್ದಿದ್ದರೆ ಅವೂ ಹೊತ್ತಿಕೊಳ್ಳುತ್ತವೆ.

ಹೀಗಾಗಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಇಟ್ಟಿಗೆಯನ್ನು ಕತ್ತರಿಸಲೇಬೇಕಾದರೆ ಸಣ್ಣ ಹಲ್ಲಿನ ಕೈಗರಗಸವೇ ಉತ್ತಮ. ಅಂಚನ್ನು ನೀರು ಹಚ್ಚಿ ಉಪ್ಪು ಕಾಗದದಿಂದ ಉಜ್ಜಿದರೆ ಧೂಳೂ ಏಳುವುದಿಲ್ಲ. ಲೇಸರಿನಿಂದ ಮಾಡಬಹುದಾದದ್ದು ಮೇಲ್ಮೈಯ ತೆಳು ಗುರುತು ಮಾತ್ರ. ಅದೂ ಕಡಿಮೆ ಶಕ್ತಿಯಲ್ಲಿ, ವೇಗವಾಗಿ, ಹೊಗೆಯನ್ನು ಪೂರ್ಣವಾಗಿ ಹೊರಗೆ ಒಯ್ಯುವ ವ್ಯವಸ್ಥೆಯಿದ್ದಲ್ಲಿ.

ಯಾವ ಪ್ಲಾಸ್ಟಿಕ್ ಎಂಬುದನ್ನು ತಿಳಿಯುವ ಬಗೆ

ಇಲ್ಲಿಯವರೆಗೆ ಹೇಳಿದ್ದು ಇಟ್ಟಿಗೆ ಎ.ಬಿ.ಎಸ್. ಎಂದು ಖಚಿತವಿದ್ದಾಗಿನ ಮಾತು. ಜಾತ್ರೆಯಲ್ಲಿ, ಸಂತೆಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡ ಇಟ್ಟಿಗೆ ಯಾವುದರಿಂದ ಮಾಡಿದ್ದು ಎಂಬುದು ಮಾರುವವನಿಗೂ ತಿಳಿದಿರುವುದಿಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಆ ಗುರುತಿಲ್ಲದ್ದನ್ನು ಯಂತ್ರದೊಳಗಿಡುವ ಮಾತು ಹಾಗಿರಲಿ, ಮಗುವಿನ ಕೈಗೂ ಕೊಡಬೇಡಿರಿ. 1970ರ ದಶಕದ ಹಳೆಯ ಕೆಂಪು, ಹಳದಿ ಇಟ್ಟಿಗೆಗಳಲ್ಲಿ ಕ್ಯಾಡ್ಮಿಯಂ ಇರುವ ಬಣ್ಣಗಳನ್ನು ಬಳಸಿದ್ದುಂಟು, ಅವನ್ನಂತೂ ಸುಡಲೇಬಾರದು.

ಎಲ್ಲಕ್ಕಿಂತ ದೊಡ್ಡ ಶತ್ರು ಪಿ.ವಿ.ಸಿ. ಅದರಲ್ಲಿ ಕ್ಲೋರಿನ್ ಇದೆ. ಕಿರಣ ತಾಗಿದೊಡನೆ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಶ್ವಾಸನಾಳದ ತೇವದೊಡನೆ ಬೆರೆತು ಅದು ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಯಂತ್ರದ ಕಬ್ಬಿಣದ ಹಳಿಗಳು ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತವೆ. ತುಕ್ಕನ್ನು ಕಂಡು ಯಂತ್ರದ ಮಾಲೀಕ ಮರುಗುತ್ತಾನೆ. ತನ್ನ ಶ್ವಾಸಕೋಶವೂ ಅದೇ ಗಾಳಿಯಲ್ಲಿತ್ತೆಂಬುದು ಅವನಿಗೆ ಹೊಳೆಯುವುದಿಲ್ಲ.

ಅಡುಗೆಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಆ ಯುವಕನಿಗೆ ಹೇಳಿಕೊಟ್ಟೆ. ಒಂದು ಲೋಟ ನೀರಿಗೆ ಉಪ್ಪನ್ನು ಕರಗಿಸುತ್ತ ಹೋಗಬೇಕು. ಇನ್ನು ಕರಗದೆ ತಳದಲ್ಲಿ ಸ್ವಲ್ಪ ಉಳಿದಾಗ ನಿಲ್ಲಿಸಬೇಕು. ಇಟ್ಟಿಗೆಯ ಒಂದು ಚೂರನ್ನು, ಗಾಳಿಗುಳ್ಳೆ ಅಂಟಿರದಂತೆ ಒದ್ದೆ ಮಾಡಿ, ಮೊದಲು ಸಿಹಿನೀರಿನಲ್ಲಿಯೂ ಆಮೇಲೆ ಈ ಉಪ್ಪುನೀರಿನಲ್ಲಿಯೂ ಬಿಡಬೇಕು. ಎ.ಬಿ.ಎಸ್. ಸಿಹಿನೀರಿನಲ್ಲಿ ಮುಳುಗುತ್ತದೆ, ಉಪ್ಪುನೀರಿನಲ್ಲಿ ತೇಲುತ್ತದೆ. ಗಟ್ಟಿ ಪಿ.ವಿ.ಸಿ. ಎರಡರಲ್ಲಿಯೂ ಮುಳುಗುತ್ತದೆ. ತೇಲಿದ್ದೆಲ್ಲ ಎ.ಬಿ.ಎಸ್. ಎಂದಲ್ಲ, ಪಾಲಿಸ್ಟೈರೀನ್ ಮತ್ತು ಅಕ್ರಿಲಿಕ್ ಕೂಡ ಹಾಗೆಯೇ ತೇಲುತ್ತವೆ. ಆದರೆ ಉಪ್ಪುನೀರಿನಲ್ಲಿ ಮುಳುಗಿದ್ದನ್ನು ನಿಸ್ಸಂಶಯವಾಗಿ ದೂರವಿಡಬಹುದು.

ಈ ಪರೀಕ್ಷೆಗೂ ಮೋಸ ಮಾಡುವ ವಸ್ತುಗಳಿವೆ. ಫಲಕದ ಅಂಗಡಿಗಳಲ್ಲಿ ಫೋಮ್ ಶೀಟ್ ಎಂದು ಮಾರುವ ಹಗುರ ಹಲಗೆಗಳಲ್ಲಿ ಹೆಚ್ಚಿನವು ಗಾಳಿ ತುಂಬಿದ ಪಿ.ವಿ.ಸಿ.ಯೇ, ಅವು ಸಿಹಿನೀರಿನಲ್ಲಿಯೂ ತೇಲುತ್ತವೆ. ಬಾಗುವ ಮೆತ್ತನೆಯ ಆಟಿಕೆ, ರೆಕ್ಸಿನ್, ಫ್ಲೆಕ್ಸ್ ಬ್ಯಾನರ್, ವಿನೈಲ್ ಅಂಟುಹಾಳೆ ಇವುಗಳನ್ನೂ ನೀರಿನಲ್ಲಿ ಅಳೆಯಲಾಗದು. ಸಂಶಯವಿದ್ದಲ್ಲಿ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ ಸೋಕಿಸಿ, ಅದಕ್ಕಂಟಿದ ಸಾಸಿವೆಕಾಳಿನಷ್ಟನ್ನು ಮತ್ತೆ ಉರಿಗೆ ಹಿಡಿಯಬೇಕು. ಜ್ವಾಲೆ ಹಸುರಾದರೆ ಕ್ಲೋರಿನ್ ಅಥವಾ ಬ್ರೋಮಿನ್ ಇದೆಯೆಂದು ಅರ್ಥ. ಆ ವಸ್ತುವನ್ನು ಯಂತ್ರದೊಳಗೆ ಇಡಕೂಡದು.

ಕಣ್ಣು

ನೇತ್ರದ ವಿಷಯದಲ್ಲಿ ಜನರಿಗಿರುವ ತಪ್ಪು ತಿಳಿವಳಿಕೆ ಬಹಳ. ಅಂಗಡಿಗಳಲ್ಲಿ ಸಾಮಾನ್ಯವಾಗಿರುವ ಗಾಜಿನ ಕೊಳವೆಯ ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣದ ತರಂಗಾಂತರ 10,600 ನ್ಯಾನೋಮೀಟರ್. ಅದು ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ಕೆಂಪು ಚುಕ್ಕೆ ಗುರಿ ತೋರಿಸುವ ದೀಪ ಮಾತ್ರ. ಈ ಕಿರಣ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು ಸುಡುತ್ತದೆ. ಈಚೆಗೆ ಮನೆಮನೆಗೆ ಬರುತ್ತಿರುವ ಅಗ್ಗದ ಡಯೋಡ್ ಯಂತ್ರಗಳದು ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು. ಅದು ಪೊರೆಯನ್ನು ದಾಟಿ ಒಳಗಿನ ಅಕ್ಷಿಪಟಲಕ್ಕೆ ಒಂದು ಬಿಂದುವಾಗಿ ಬೀಳುತ್ತದೆ. ರೆಪ್ಪೆ ಮುಚ್ಚಲು ಬೇಕಾಗುವ ಕಾಲು ಸೆಕೆಂಡಿನೊಳಗೇ ಅಲ್ಲಿ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಸುಟ್ಟ ಅಕ್ಷಿಪಟಲ ಮತ್ತೆ ಬೆಳೆಯುವುದಿಲ್ಲ. ತ್ರಿಫಲಾ ಘೃತವಾಗಲಿ, ನೇತ್ರತರ್ಪಣವಾಗಲಿ ಅದನ್ನು ಮರಳಿ ತರಲಾರವು. ಇದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಹೊಳಪಿನ ಇಟ್ಟಿಗೆಯ ಗುಂಡಿಗಳಿಂದ ಕಿರಣ ಅಡ್ಡಾದಿಡ್ಡಿಯಾಗಿ ಪ್ರತಿಫಲಿಸುವುದರಿಂದ ಪಕ್ಕದಲ್ಲಿ ನಿಂತು ನೋಡುವ ಮಗುವಿಗೂ ಅಪಾಯ ತಪ್ಪಿದ್ದಲ್ಲ. ಪಾರದರ್ಶಕ ಇಟ್ಟಿಗೆಯಲ್ಲಿ ನೀಲಿ ಕಿರಣ ಹೀರಲ್ಪಡದೆ ನೇರವಾಗಿ ಆಚೆಗೆ ಹಾಯುತ್ತದೆ.

ಕನ್ನಡಕ ಕೊಳ್ಳುವಾಗ ಅದರ ಮೇಲೆ ತರಂಗಾಂತರದ ಅಂಕೆ ಮುದ್ರಿತವಾಗಿದೆಯೇ ಎಂದು ನೋಡಿರಿ. ಒಂದು ಯಂತ್ರದ್ದು ಇನ್ನೊಂದಕ್ಕೆ ಆಗದು. ಕಾರ್ಬನ್ ಡೈಆಕ್ಸೈಡ್ ಯಂತ್ರದ ಬಣ್ಣರಹಿತ ಅಕ್ರಿಲಿಕ್ ಮುಚ್ಚಳ ತನ್ನ ಕಿರಣವನ್ನು ತಡೆಯುತ್ತದೆ. ಅಂಥದೇ ಹಾಳೆಯನ್ನು ನೀಲಿ ಡಯೋಡಿನ ಮುಂದೆ ಇಟ್ಟರೆ ಬೆಳಕು ಕಿಟಕಿಯಿಂದ ಬಿಸಿಲು ಬಂದಂತೆ ಒಳಬರುತ್ತದೆ. ತೆರೆದ ಚೌಕಟ್ಟಿನ ಯಂತ್ರಗಳನ್ನು ನಾಲ್ಕನೆಯ ವರ್ಗದ, ಅಂದರೆ ಅತ್ಯಂತ ಅಪಾಯದ ಲೇಸರುಗಳೆಂದು ಪರಿಗಣಿಸಲಾಗುತ್ತದೆ. ಪೂರ್ಣ ಮುಚ್ಚಿದ ಪೆಟ್ಟಿಗೆಯ ಯಂತ್ರಕ್ಕೆ ಬೆಲೆ ಹೆಚ್ಚು, ಆದರೆ ಕಣ್ಣಿಗಿಂತ ಹೆಚ್ಚಲ್ಲ.

ಅಂಗಡಿಯಲ್ಲಿ ಕಂಡದ್ದು

ಒಂದು ಬುಧವಾರ ಸಂಜೆ ಆತನ ಅಂಗಡಿಗೆ ನಾನೇ ಹೋದೆ. ಹತ್ತಡಿ ಹನ್ನೆರಡಡಿಯ ಕೋಣೆ. ಯಂತ್ರದ ಹಿಂದಿನಿಂದ ಹೊರಟ ಹೊಗೆಕೊಳವೆ ಗೋಡೆಯನ್ನು ಹಾಯ್ದು ಹೊರಗೆ ಹೋಗಿರಬೇಕಷ್ಟೆ? ಅದು ಅಟ್ಟದ ಮೇಲೆ ಕೊನೆಗೊಂಡಿತ್ತು. ಅಲ್ಲಿಂದ ಹೊಗೆ ನಿಧಾನವಾಗಿ ಕೆಳಗಿಳಿದು ಅವನ ಕುರ್ಚಿಗೇ ಬರುತ್ತಿತ್ತು. ಮುಚ್ಚಳ ತೆರೆದೊಡನೆ ಕಿರಣ ನಿಲ್ಲಿಸುವ ಸ್ವಿಚ್ಚಿಗೆ ಅಂಟುಪಟ್ಟಿ ಸುತ್ತಿ ಸದಾ ಒತ್ತಿರುವಂತೆ ಮಾಡಿದ್ದ. "ಪದೇಪದೇ ನಿಂತು ಕೆಲಸ ತಡ ಆಗ್ತಿತ್ತು ಸರ್" ಎಂದ. ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಹೊದಿಕೆಯ ಪ್ಲಾಸ್ಟಿಕ್ ಚೀಲವನ್ನೂ ತೆಗೆಯದೆ ಬೀರುವಿನ ಹಿಂದೆ ಇರಿಸಿದ್ದ. ಚಹಾ ಕುಡಿಯಲು ಹೋಗುವಾಗ ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಹೋಗುವ ಅಭ್ಯಾಸವೂ ಇತ್ತಂತೆ. ಮುಖಕ್ಕೆ ಎನ್-95 ಮುಸುಕು ಧರಿಸಿದ್ದ. ಅದರ ಮೇಲೆ ಅವನಿಗೆ ಪೂರ್ಣ ಭರವಸೆ.

ಮುಸುಕು ಕಣಗಳನ್ನು ತಡೆಯುತ್ತದೆ, ಅನಿಲಗಳನ್ನು ತಡೆಯುವುದಿಲ್ಲ. ಇದ್ದಿಲಿನ ಶೋಧಕವಿರುವ ಮುಸುಕು ಸ್ಟೈರೀನಿನಂಥ ಆವಿಗಳನ್ನು ಕೆಲಕಾಲ ಹಿಡಿದಿಡುತ್ತದೆ. ಇಂಗಾಲದ ಮಾನಾಕ್ಸೈಡ್ ಅದನ್ನೂ ದಾಟಿ ಬರುತ್ತದೆ. ನಿಜವಾದ ರಕ್ಷಣೆ ಹೊಗೆ ಹುಟ್ಟುವಲ್ಲಿಯೇ ಅದನ್ನು ಹೀರಿ ಚಾವಣಿಯ ಮೇಲಕ್ಕೆ ಒಯ್ಯುವ ಬ್ಲೋವರ್ ಮತ್ತು ಸೋರಿಕೆಯಿಲ್ಲದ ಕೊಳವೆ. ಕೊಳವೆಯ ಬಾಯಿ ನೆರೆಮನೆಯ ಕಿಟಕಿಗೆ ಎದುರಾಗಿರಬಾರದು. ಒಳಗೆ ಹೊಸ ಗಾಳಿ ಬರಲು ಎದುರುಗಡೆ ದಾರಿಯಿರಬೇಕು. ಇಲ್ಲವಾದರೆ ಬ್ಲೋವರ್ ಎಳೆಯುವುದಾದರೂ ಏನನ್ನು? ಕೆಲಸಕ್ಕೆ ಮುನ್ನ ಅದನ್ನು ಚಾಲೂ ಮಾಡಿ, ಕೆಲಸ ಮುಗಿದ ಮೇಲೆಯೂ ಕೆಲವು ನಿಮಿಷ ಓಡಲು ಬಿಟ್ಟು, ಆಮೇಲೆ ಮುಚ್ಚಳ ತೆರೆಯಬೇಕು. ಕಿರಣ ಉರಿಯುತ್ತಿರುವಾಗ ಯಂತ್ರವನ್ನು ಬಿಟ್ಟು ಏಳಕೂಡದು. ಕಾರ್ಬನ್ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕವು ಕೈಗೆಟಕುವಲ್ಲಿರಬೇಕು. ಗಾಜಿನ ಕೊಳವೆಗೆ ಸಾವಿರಾರು ವೋಲ್ಟ್ ವಿದ್ಯುತ್ ಹರಿಯುವುದರಿಂದ ಭೂಸಂಪರ್ಕದ ತಂತಿಯನ್ನು ಬಲ್ಲ ಎಲೆಕ್ಟ್ರಿಶಿಯನ್‌ನಿಂದ ಹಾಕಿಸಬೇಕು. ನೀರು ಸೋರುತ್ತಿದ್ದರೆ ಮುಟ್ಟಲೇಬಾರದು.

ಹೊಗೆ ಕುಡಿದವರಿಗೆ

ನಮ್ಮ ಸುಶ್ರುತಾಚಾರ್ಯರು ಸೂತ್ರಸ್ಥಾನದ ಅಗ್ನಿಕರ್ಮದ ಅಧ್ಯಾಯದಲ್ಲಿ ಧೂಮೋಪಹತನ, ಅಂದರೆ ಹೊಗೆಯಿಂದ ಪೀಡಿತನಾದವನ ಲಕ್ಷಣಗಳನ್ನು ಪ್ರತ್ಯೇಕವಾಗಿ ಹೇಳಿದ್ದಾರೆ. ಉಬ್ಬಸ, ಸೀನು, ಕೆಮ್ಮು, ಕಣ್ಣುಗಳ ಉರಿ ಮತ್ತು ಕೆಂಪು, ಹೊಗೆಯ ಹೊರತು ಬೇರೆ ವಾಸನೆ ತಿಳಿಯದಿರುವುದು, ಬಾಯಾರಿಕೆ, ಕೊನೆಗೆ ಮೂರ್ಛೆ. ಆ ಯುವಕನನ್ನು ನೋಡುತ್ತ ಈ ಪಟ್ಟಿ ನನಗೆ ನೆನಪಾಗಲಿಲ್ಲವಲ್ಲ ಎಂಬ ಕೊರಗು ಇನ್ನೂ ಇದೆ. ಅದೇ ಸ್ಥಳದಲ್ಲಿ ಆಚಾರ್ಯರು ವಮನವನ್ನು ವಿಧಿಸಿದ್ದಾರೆ. ಆದರೆ ಅವರ ಕಾಲದ ಹೊಗೆ ಕಟ್ಟಿಗೆಯದು, ಹುಲ್ಲಿನದು. ಪ್ಲಾಸ್ಟಿಕ್ಕಿನ ಹೊಗೆ ಕುಡಿದು ತಲೆ ಸುತ್ತುತ್ತಿರುವವನಿಗೆ ಮನೆಯಲ್ಲಿ ವಾಂತಿ ಮಾಡಿಸುವುದು ಅಪಾಯಕರ. ಅರೆಪ್ರಜ್ಞೆಯಲ್ಲಿ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು.

ಧೂಳಿನಲ್ಲಿ, ಹೊಗೆಯಲ್ಲಿ ದುಡಿಯುವವರು ಸಂಜೆ ಒಂದು ತುಂಡು ಬೆಲ್ಲ ತಿಂದರೆ ಎಲ್ಲವೂ ಶುದ್ಧವಾಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಬೆಲ್ಲ ತಿನ್ನಲು ನನ್ನ ಅಡ್ಡಿಯಿಲ್ಲ. ಆದರೆ ಬೆಲ್ಲ ಇಳಿಯುವುದು ಅನ್ನನಾಳಕ್ಕೆ, ಹೊಗೆ ಇಳಿಯುವುದು ಶ್ವಾಸನಾಳಕ್ಕೆ. ತುಳಸಿ, ಜ್ಯೇಷ್ಠಮಧುಗಳ ಕಷಾಯ ಕೆರೆದ ಗಂಟಲಿಗೆ ಹಿತವೆನಿಸುತ್ತದೆ. ರಕ್ತಕ್ಕೆ ಸೇರಿದ ಸಯನೈಡನ್ನು ಅದು ತೆಗೆಯಲಾರದು. ಮೂಗಿಗೆ ಎರಡು ಹನಿ ಅಣುತೈಲವೂ ಅಷ್ಟೇ, ಒಣಗುವಿಕೆಗೆ ಒಳ್ಳೆಯದು, ವಿಷಕ್ಕೆ ತಡೆಯಲ್ಲ.

ಕೆಲಸದ ನಡುವೆ ತಲೆನೋವು, ಓಕರಿಕೆ, ತಲೆಸುತ್ತು ಕಂಡರೆ ಮೊದಲು ಹೊರಗಿನ ಗಾಳಿಗೆ ಬರಬೇಕು. ಕಣ್ಣು ಉರಿದರೆ ಧಾರೆಯಾಗಿ ಹದಿನೈದು ನಿಮಿಷ ನೀರು ಬಿಡಬೇಕು. ಮಾತು ತೊದಲಿದರೆ, ಮಂಪರು ಕವಿದರೆ, ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ, ಪ್ಲಾಸ್ಟಿಕ್ ಹೊಗೆ ಎಂಬುದನ್ನು ಆಸ್ಪತ್ರೆಯಲ್ಲಿ ಮೊದಲ ಮಾತಿನಲ್ಲಿಯೇ ತಿಳಿಸಬೇಕು. ಅಲ್ಲಿ ಆಮ್ಲಜನಕವೂ ಸಯನೈಡಿಗೆ ಪ್ರತ್ಯೌಷಧವೂ ಉಂಟು. ಇನ್ನೊಂದು ಮಾತು: ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ 98 ತೋರಿಸಿತೆಂದು ನೆಮ್ಮದಿಯಿಂದಿರಬೇಡಿರಿ. ಇಂಗಾಲದ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆ ಉಪಕರಣ ಆಮ್ಲಜನಕ ಹೊತ್ತ ರಕ್ತವೆಂದೇ ಓದುತ್ತದೆ.

ಕತ್ತರಿಸಿದ ತುಂಡುಗಳ ಬಗೆಗೆ ತಾಯಂದಿರಿಗೆ ಒಂದು ಎಚ್ಚರಿಕೆ. ಪುಟ್ಟ ಮಕ್ಕಳಿಗೆಂದು ಡ್ಯೂಪ್ಲೊ ಎಂಬ ದೊಡ್ಡ ಇಟ್ಟಿಗೆಗಳಿವೆ. ಅವು ಸಾಮಾನ್ಯ ಇಟ್ಟಿಗೆಯ ಎರಡರಷ್ಟು ಉದ್ದ, ಅಗಲ, ಎತ್ತರದವು. ಮಗುವಿನ ಗಂಟಲಿಗೆ ಸಿಲುಕಬಹುದಾದ ವಸ್ತುವನ್ನು ಗುರುತಿಸಲು 31.7 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವಂಥದ್ದು ಮೂರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ನಾಲ್ಕು ಗುಂಡಿಗಳ ಡ್ಯೂಪ್ಲೊ ಇಟ್ಟಿಗೆ ಆ ಕೊಳವೆಗೆ ಇಳಿಯುವುದಿಲ್ಲ. ಅದನ್ನೇ ಅರ್ಧಕ್ಕೆ ಕತ್ತರಿಸಿದರೆ ಇಳಿಯುತ್ತದೆ. ಅಣ್ಣನ ಶಾಲಾ ಮಾದರಿಗೆ ಕತ್ತರಿಸಿ ಉಳಿದ ತುಂಡು ತಮ್ಮನ ಬಾಯಿಗೆ ಹೋಗದಂತೆ ಅಂದೇ ಗುಡಿಸಿ ತೆಗೆಯಿರಿ. ಅಂಚುಗಳೂ ಬ್ಲೇಡಿನಂತೆ ಹರಿತವಾಗಿರುತ್ತವೆ.

ಆ ಯುವಕನನ್ನು ಶ್ವಾಸಕೋಶ ತಜ್ಞರ ಬಳಿಗೂ ಕಳುಹಿಸಿ ಪರೀಕ್ಷೆ ಮಾಡಿಸಿದೆ. ದೈವಕೃಪೆಯಿಂದ ಶಾಶ್ವತ ಹಾನಿಯೇನೂ ಕಾಣಲಿಲ್ಲ. ಕೊಳವೆಯನ್ನು ಚಾವಣಿಯ ಮೇಲಕ್ಕೆ ಒಯ್ದ, ಸ್ವಿಚ್ಚಿನ ಅಂಟುಪಟ್ಟಿಯನ್ನು ಬಿಚ್ಚಿದ. ತಲೆನೋವು ವಾರದೊಳಗೆ ಹೋಯಿತು, ಕೆಮ್ಮು ಇಳಿಯಲು ಆರು ವಾರ ಹಿಡಿಯಿತು. ಶಿಕ್ಷಕಿಯವರಿಗೆ ಆಮೇಲೆ ಬೇಕಾದ ಅಕ್ಷರಗಳನ್ನು ಮೂರು ಮಿಲಿಮೀಟರಿನ ಮರದ ಹಲಗೆಯಲ್ಲಿ ಕತ್ತರಿಸಿ ಇಟ್ಟಿಗೆಯ ಪಕ್ಕಕ್ಕೆ ಅಂಟಿಸಿಕೊಟ್ಟ. ಮಕ್ಕಳು ಬೆರಳಾಡಿಸಿ ಓದಲು ಅದೇ ಅನುಕೂಲವಾಯಿತೆಂದು ಅವರು ಹೇಳಿದರಂತೆ. ಹೋದ ತಿಂಗಳು ಔಷಧಿಯಂಗಡಿಗೆ ಹೋಗುವ ದಾರಿಯಲ್ಲಿ ಅವನ ಅಂಗಡಿಯೊಳಗೆ ಇಣುಕಿದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉಪ್ಪುನೀರು ತುಂಬಿದ ಹಾರ್ಲಿಕ್ಸ್ ಬಾಟಲಿ ಇತ್ತು. ಅದರ ತಳದಲ್ಲಿ ಯಾರೋ ತಂದುಕೊಟ್ಟ ಹಸುರು ಇಟ್ಟಿಗೆಯ ಒಂದು ಚೂರು ಮುಳುಗಿ ಕುಳಿತಿತ್ತು.